ಅಬ್ಬಿಯ ಮೇಲ್ಗಡೆ ಬೋರ್ ಹೊಡೆಸಬಹುದಾ? ಅಘನಾಶಿನಿ ದಂಡೆಯವರು ಹೇಳಿ

ಕಾನ್ಮನೆ:

ನಮ್ಮದು ಸಿದ್ದಾಪುರ ತಾಲೂಕು, ಹೆಗ್ಗರಣೆ ಕಡೆ. ಒಂದೂವರೆ ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಒಂದಿಷ್ಟು ಏಲಕ್ಕಿ. ತೋಟದ ತಲೆಯಲ್ಲಿ ಸೊಪ್ಪಿನ ಬೆಟ್ಟ. ಬೆಟ್ಟದ ಬುಡದಲ್ಲಿ ಕೆಂಪುಕಲ್ಲಿನ ಸಂದಿಯಿಂದ ಬರುವ ಅಬ್ಬಿ, ಅಂದರೆ ಒರತೆಯ ನೀರೇ ಮನೆಗೂ ತೋಟಕ್ಕೂ ಆಧಾರ. ಅಜ್ಜನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಪಂಪೂ ಬೇಡ, ಕರೆಂಟೂ ಬೇಡ. ಮಿಕ್ಕ ನೀರು ತೋಟದ ಬಸಿಗಾಲುವೆಗೆ ಬಿದ್ದು ಹಳ್ಳ ಸೇರುತ್ತದೆ, ಹಳ್ಳ ಅಘನಾಶಿನಿ ಸೇರುತ್ತದೆ. ಮಳೆಗಾಲದ ರಾತ್ರಿ ಉಂಚಳ್ಳಿ ಜಲಪಾತದ ಸದ್ದು ನಮ್ಮ ಜಗಲಿವರೆಗೂ ಕೇಳುತ್ತದೆ. ಅಷ್ಟು ಹತ್ತಿರ.

ಈಗಿನ ತಾಪತ್ರಯ ಏನಂದ್ರೆ, ಈ ಅಬ್ಬಿ ಫೆಬ್ರವರಿಗೇ ಸಣ್ಣಗಾಗುತ್ತಿದೆ. ಮೊದಲು ಮೇ ತಿಂಗಳಲ್ಲೂ ಹೆಬ್ಬೆರಳು ದಪ್ಪ ಬೀಳುತ್ತಿತ್ತು ಅಂತ ಅಪ್ಪಯ್ಯ ಹೇಳುತ್ತಾರೆ. ಕಳೆದ ಬೇಸಿಗೆಯ ಕೊನೆಗೆ ಕಿರುಬೆರಳಿನಷ್ಟೂ ಇರಲಿಲ್ಲ. ತಮ್ಮ ಬೋರ್ ಹೊಡೆಸುವ ಹಠ ಹಿಡಿದಿದ್ದಾನೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರನ್ನು ಕರೆಸಿದ್ದ. ಅವರು ತೋರಿಸಿದ ಜಾಗ ಅಬ್ಬಿಯಿಂದ ನಲವತ್ತು ಹೆಜ್ಜೆ ಮೇಲೆ, ಬೆಟ್ಟದೊಳಗೆ. "ಮೇಲಿದ್ದರೆ ತೋಟಕ್ಕೆ ಬಿಡೋದು ಸುಲಭ" ಅಂದರು. ಅಪ್ಪಯ್ಯ ಒಂದೇ ಮಾತು ಹೇಳಿ ಎದ್ದು ಹೋದರು: "ಅಬ್ಬಿ ನೆತ್ತಿ ಮೇಲೆ ತೂತು ಹೊಡೀಬೇಡಿ."

ನನ್ನ ಪ್ರಶ್ನೆ ಎರಡು. ಅಲ್ಲಿ ಬೋರ್ ಹೊಡೆದರೆ ಅಬ್ಬಿಗೆ ತೊಂದರೆ ಆಗುತ್ತದಾ? ಇನ್ನೊಂದು, ನಮ್ಮಂಥ ಒಂದು ಸಣ್ಣ ಅಬ್ಬಿ ಬತ್ತಿದರೆ ಕೆಳಗಿನವರಿಗೆ ಏನಾದರೂ ವ್ಯತ್ಯಾಸ ಇದೆಯಾ? "ಅಷ್ಟೂ ನೀರು ಸಮುದ್ರಕ್ಕೇ ಹೋಗೋದಲ್ವಾ" ಅಂತ ತಮ್ಮ ಕೇಳುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ.

ಮೆಣಸಿನಬಳ್ಳಿ:

ಸುಮ್ನೆ ತಲೆ ಕೆಡಿಸ್ಕೋಬೇಡಿ. ನಮ್ಮಲ್ಲಿ 380 ಅಡಿಗೆ ಒಳ್ಳೆ ನೀರು ಬಿತ್ತು, ಇವತ್ತಿಗೂ ಇದೆ. ಬೋರಿನ ನೀರು ಬೇರೆ, ಒರತೆ ನೀರು ಬೇರೆ. ಅದು ಪಾತಾಳದ್ದು, ಇದು ಮೇಲಿನದ್ದು. ಅಡಿಕೆ ಒಣಗಿದ ಮೇಲೆ ಹೊಳೆ ಬಗ್ಗೆ ಯೋಚಿಸಿ ಏನು ಪ್ರಯೋಜನ? ಕೆಳಗಿನವರು ನಿಮ್ಮ ಸೊಸೈಟಿ ಸಾಲ ಕಟ್ಟುತ್ತಾರಾ?

ಶೇಡಿಮಣ್ಣು:

ಮೆಣಸಿನಬಳ್ಳಿಯವರ ಮಾತು ಅರ್ಧ ಸರಿ. ನಾನು ಅಂತರ್ಜಲದ ಕೆಲಸದಲ್ಲಿರುವವನು, ಉಳಿದರ್ಧ ಹೇಳುತ್ತೇನೆ.

ನಮ್ಮ ಶಿರಸಿ–ಸಿದ್ದಾಪುರ ಗುಡ್ಡಗಳಲ್ಲಿ ಮೇಲೆ ಇರುವುದು ಕೆಂಪುಕಲ್ಲು. ಅದರ ತುಂಬ ತೂತು, ಸಂದಿ. ಮಳೆ ನೀರು ಸಲೀಸಾಗಿ ಒಳಗೆ ಹೋಗುತ್ತದೆ. ಅದರ ಕೆಳಗೆ ಶೇಡಿ ಮಣ್ಣಿನ ಪದರ. ಬೆಳ್ಳಗೆ, ಕೆಲವು ಕಡೆ ಗುಲಾಬಿ, ಮುಟ್ಟಿದರೆ ನುಣ್ಣಗೆ. ಹಳೇ ಮನೆಗಳ ಗೋಡೆಗೆ ಬಳಿಯುತ್ತಿದ್ದರಲ್ಲ, ಅದೇ. ಅದು ನೀರನ್ನು ಬೇಗ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಶೇಡಿಯ ಮೇಲೆ ಅಡ್ಡಕ್ಕೆ ಹರಿದು, ಗುಡ್ಡ ಕಡಿದಂತಿರುವ ಜಾಗದಲ್ಲಿ ಹೊರಗೆ ಬರುತ್ತದೆ. ನಿಮ್ಮ ಅಬ್ಬಿ ಅಂಥದ್ದೇ ಇರಬೇಕು. ಬಾಯಿಯ ಹತ್ತಿರ ಒಂದು ಗುದ್ದಲಿ ಮಣ್ಣು ಕೆರೆದು ನೋಡಿ, ಬಿಳಿ ಜಿಗುಟು ಮಣ್ಣು ಸಿಕ್ಕರೆ ಖಾತ್ರಿ.

ಬೋರ್ ಹೋಗುವುದು ಶೇಡಿಯನ್ನೂ ದಾಟಿ ಕೆಳಗಿನ ಗಟ್ಟಿ ಬಂಡೆಗೆ. ಬಂಡೆಯ ಬಿರುಕಿನಲ್ಲಿ ನೀರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಮಟ್ಟಿಗೆ ಎರಡೂ ಬೇರೆ ನೀರು ಅನ್ನುವುದು ಸರಿ. ಆದರೆ ತೊಂದರೆ ಶುರುವಾಗುವುದು ಬೋರಿನ ಮೇಲ್ಭಾಗಕ್ಕೆ ಇಳಿಸುವ ಕೇಸಿಂಗ್ ಪೈಪಿನಲ್ಲಿ. ಪೈಪು ಗಟ್ಟಿ ಬಂಡೆಯೊಳಗೆ ಕೂರಬೇಕು, ಸುತ್ತಲಿನ ಸಂದು ಸರಿಯಾಗಿ ಮುಚ್ಚಬೇಕು. ಕಂಪ್ರೆಸರ್ ಗಾಡಿಯವರಿಗೆ ಒಂದೇ ರಾತ್ರಿಯಲ್ಲಿ ಎರಡು ಪಾಯಿಂಟ್ ಮುಗಿಸುವ ಅವಸರ. ಅಡಿಗಿಷ್ಟು ದುಡ್ಡು ಅಂತ ಪೈಪಿನಲ್ಲಿ ಉಳಿಸಲು ನಾವೂ ನೋಡುತ್ತೇವೆ. ಪೈಪು ಮೇಲೇ ನಿಂತಿತು ಅಂದರೆ ಕೆಂಪುಕಲ್ಲಿನಲ್ಲಿ ನಿಂತ ನೀರು ಆ ತೂತಿನಿಂದಲೇ ಪಾತಾಳಕ್ಕೆ. ಹಂಡೆಯ ತಳಕ್ಕೆ ನೀವೇ ಮೊಳೆ ಹೊಡೆದ ಹಾಗೆ. ಅಬ್ಬಿಯಿಂದ ನಲವತ್ತು ಹೆಜ್ಜೆ ಮೇಲೆ, ಅಂದರೆ ಅಬ್ಬಿಗೆ ನೀರು ಹರಿದು ಬರುವ ದಾರಿಯಲ್ಲೇ, ಈ ಅಪಾಯ ತೆಗೆದುಕೊಳ್ಳಬೇಡಿ. ನಿಮ್ಮ ಅಪ್ಪಯ್ಯ ಹೇಳಿದ್ದು ಸರಿಯಾಗೇ ಇದೆ. ಹೊಡೆಸಲೇಬೇಕು ಅಂತಿದ್ದರೆ ಅಬ್ಬಿಗಿಂತ ಕೆಳಗೆ, ದೂರದಲ್ಲಿ ಹೊಡೆಸಿ.

ಇನ್ನೊಂದು ವಿಷಯ. ಸೊಪ್ಪಿನ ಬೆಟ್ಟ ಪಹಣಿಯಲ್ಲಿ ನಿಮ್ಮ ಹೆಸರಿಗೆ ಕಂಡರೂ ಅದು ಮಾಲ್ಕಿ (ಸ್ವಂತ) ಜಾಗ ಅಲ್ಲ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ ಕೊಟ್ಟದ್ದು ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು. ಅಲ್ಲಿ ಗಾಡಿ ಹತ್ತಿಸಿದರೆ ಅರಣ್ಯ ಇಲಾಖೆಯವರು ಬಂದು ಕೇಳುವುದು ನ್ಯಾಯವೇ.

ಅಬ್ಬಿ ಯಾಕೆ ಸಣ್ಣಗಾಯಿತು ಅನ್ನುವುದಕ್ಕೆ ಉತ್ತರ ಬೆಟ್ಟದಲ್ಲೇ ಇದೆ. ಮರ ಎಷ್ಟಿದೆ? ದರಕನ್ನು ಪೂರ್ತಿ ಗುಡಿಸಿ ತರುತ್ತೀರಾ? ಎದುರಿನ ಗುಡ್ಡದಲ್ಲಿ ಏನಿದೆ? ನಮ್ಮ ಜಿಲ್ಲೆಯಲ್ಲೇ ದಟ್ಟ ಕಾಡು, ಅಕೇಶಿಯಾ ನೆಡುತೋಪು, ಬೋಳು ಬೆಟ್ಟ ಮೂರೂ ಕಡೆ ಮಳೆ ನೀರು ಎಷ್ಟು ಇಂಗುತ್ತದೆ ಅಂತ ವಿಜ್ಞಾನಿಗಳು ಅಳೆದಿದ್ದಾರೆ. ಕಾಡಿನ ಮಣ್ಣಿನಲ್ಲಿ ಇಂಗುವಷ್ಟು ಬೇರೆ ಕಡೆ ಇಂಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) ಹಳ್ಳಗಳ ಲೆಕ್ಕ ಹಾಕಿದಾಗಲೂ ಅದೇ ಕಂಡಿತು. ತಲೆಯಲ್ಲಿ ಊರ ಮರಗಳ ಕಾಡಿದ್ದ ಹಳ್ಳ ವರ್ಷವಿಡೀ ಹರಿಯಿತು. ಒಂದೇ ಜಾತಿಯ ತೋಪು, ಬೋಳು ಬೆಟ್ಟ ಇದ್ದ ಹಳ್ಳ ಬೇಸಿಗೆಗೆ ಕೈಕೊಟ್ಟಿತು. ಮಳೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ.

ಅಂದ ಮಾತ್ರಕ್ಕೆ ಜೆಸಿಬಿ ತಂದು ಬೆಟ್ಟದ ತುಂಬ ಇಂಗುಗುಂಡಿ ತೋಡಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಶೇಡಿಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಜಾಸ್ತಿ ನೀರು ನಿಲ್ಲಿಸಿದರೆ ಗುಡ್ಡವೇ ಜಾರಬಹುದು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ತೋಟ, ಮನೆ, ರಸ್ತೆ ಸಮೇತ ಗುಡ್ಡ ಕುಸಿದದ್ದು ನೆನಪಿದೆಯಲ್ಲ. ಸಪಾಟು ಜಾಗದಲ್ಲಿ ಸಣ್ಣ ಗುಂಡಿ ಆದೀತು. ಇಳಿಜಾರಿಗೆ ಮರ, ದರಕು ಸಾಕು. ಅಬ್ಬಿಯ ಬಾಯಿಯನ್ನಂತೂ ಅಗಲ ಮಾಡಲು ಹೋಗಲೇಬೇಡಿ.

ಮೊದಲು ನೀರು ಅಳೆಯಿರಿ. ಹತ್ತು ಲೀಟರ್ ಬಕೆಟ್ ಪೈಪಿನ ಕೆಳಗಿಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಮೊಬೈಲಿನಲ್ಲಿ ನೋಡಿ. ಲೆಕ್ಕ ಇಲ್ಲಿ ಹಾಕಿ, ಆಮೇಲೆ ಮಾತಾಡೋಣ.

ಗಜನಿಗದ್ದೆ:

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ ತಂಗಿ. ನನ್ನ ತವರು ಬಿಳಗಿ ಹತ್ತಿರ, ಕೊಟ್ಟದ್ದು ಕುಮಟಾದ ಮಾಣಿಕಟ್ಟದ ಕಡೆಗೆ. ಹೊಳೆಯ ಎರಡೂ ತುದಿಯ ನೀರು ಕುಡಿದವಳು.

"ಎಲ್ಲಾ ನೀರು ಸಮುದ್ರಕ್ಕೇ ಹೋಗೋದಲ್ವಾ" ಅನ್ನುವವರನ್ನು ನಾನು ಸುಮಾರು ನೋಡಿದ್ದೇನೆ. ಹೋಗುತ್ತದೆ, ಹೌದು. ಆದರೆ ಹೋಗುವ ದಾರಿಯಲ್ಲಿ ಏನೇನು ಮಾಡಿಕೊಂಡು ಹೋಗುತ್ತದೆ ಅಂತ ಒಂದು ಸಲ ದಿವಗಿ ಸೇತುವೆ ಮೇಲೆ ನಿಂತು ನೋಡಲಿ.

ಈ ಹೊಳೆ ಉದ್ದ ಹೆಚ್ಚೆಂದರೆ ನೂರಿಪ್ಪತ್ತು ಕಿಲೋಮೀಟರ್. ಮಂಜುಗುಣಿಯಿಂದ ಬರುವ ಬಕುರಹೊಳೆ, ಶಿರಸಿ ಕಡೆಯಿಂದ ಬರುವ ದೋಣಿಹಳ್ಳ ಮುತ್ತಳ್ಳಿ ಹತ್ತಿರ ಕೂಡುತ್ತವೆ. ಶಿರಸಿಯ ಶಂಕರಹೊಂಡವನ್ನೂ ಮೂಲ ಅನ್ನುತ್ತಾರೆ. ಮೂಲ ಯಾವುದೇ ಇರಲಿ, ಮಾರ್ಚ್ ದಾಟಿದ ಮೇಲೆ ಹೊಳೆಯಲ್ಲಿ ಇರುವುದೆಲ್ಲ ನಿಮ್ಮಂಥವರ ಅಬ್ಬಿ, ಜಡ್ಡಿ (ಕಾಡಿನ ಜೌಗು), ಕಾನಿನ ನೀರೇ. ಇದಕ್ಕೆ ಅಣೆಕಟ್ಟಿಲ್ಲ. ಗೇಟು ತೆಗೆದು ನೀರು ಬಿಡುವವರು ಯಾರೂ ಇಲ್ಲ. ರಾಂಪತ್ರೆ ಮರಗಳ ಜಡ್ಡಿ ನೋಡಿದ್ದೀರಾ? ಮರದ ಬೇರು ಮೊಣಕಾಲು ಮಡಚಿದಂತೆ ಕೆಸರಿನಿಂದ ಮೇಲೆದ್ದಿರುತ್ತದೆ, ಕಡು ಬೇಸಿಗೆಯಲ್ಲೂ ಕಾಲಿಟ್ಟರೆ ತಣ್ಣಗೆ ಹೂತು ಹೋಗುತ್ತದೆ. ಅಂಥ ಜಡ್ಡಿಗಳನ್ನು ಒಡೆದು ತೋಟ ಮಾಡಿದವರು ನಮ್ಮವರೇ, ಬೈದರೆ ನಮ್ಮನ್ನೇ ಬೈದುಕೊಳ್ಳಬೇಕು.

ಈಗ ಕೆಳಗಿನ ಕಥೆ. ಬೇಸಿಗೆಯಲ್ಲಿ ಹೊಳೆ ಸಣ್ಣಗಾದಷ್ಟೂ ಭರತದ (ಸಮುದ್ರದ ಉಬ್ಬರದ) ಉಪ್ಪುನೀರು ಮೇಲೆ ಏರುತ್ತದೆ. ದಂಡೆಯ ಊರುಗಳ ಬಾವಿ ಚಪ್ಪೆಯಾಗಿ ಉಳಿಯುವುದೋ ಉಪ್ಪಾಗುವುದೋ ಅನ್ನುವುದು ಏಪ್ರಿಲ್–ಮೇ ತಿಂಗಳಲ್ಲಿ ಗೊತ್ತಾಗುತ್ತದೆ. ನನ್ನ ಅತ್ತೆ ಬೆಳಿಗ್ಗೆ ಮೊದಲ ಕೊಡದ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಅನ್ನ ಬೇಯಿಸಲು ಆಗುತ್ತದೋ ಪಾತ್ರೆ ತೊಳೆಯಲು ಮಾತ್ರವೋ ಅಂತ ಅಲ್ಲೇ ತೀರ್ಮಾನ. ಕುಮಟಾ, ಹೊನ್ನಾವರ ಪೇಟೆಯವರು ಕುಡಿಯುವುದೂ ಮರಾಕಲ್‌ನಲ್ಲಿ ಇದೇ ಹೊಳೆಯಿಂದ ಎತ್ತಿದ ನೀರು. ಹಾಗಾಗಿ ಮೆಣಸಿನಬಳ್ಳಿಯವರೇ, ಕೆಳಗಿನವರು ನಿಮ್ಮ ಸಾಲ ಕಟ್ಟುವುದಿಲ್ಲ ನಿಜ. ಹೊನ್ನಾವರದಲ್ಲಿ ನಿಮ್ಮ ನೆಂಟರಿದ್ದರೆ ಅವರ ಮನೆ ನಲ್ಲಿಯಲ್ಲಿ ನಿಮ್ಮೂರ ನೀರು ಬರುತ್ತದೆ, ಅಷ್ಟೇ.

ಹಾಗಂತ ನಮಗೆ ವರ್ಷವಿಡೀ ಧೋ ಅಂತ ಚಪ್ಪೆ ನೀರು ಬೇಕು ಅಂದುಕೊಳ್ಳಬೇಡಿ. ಇದನ್ನು ಮೇಲಿನವರಿಗೆ ಅರ್ಥ ಮಾಡಿಸುವುದು ಕಷ್ಟ. ಪಕ್ಕದ ಶರಾವತಿ ನೋಡಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು, ಆಮೇಲೆ ಗೇರುಸೊಪ್ಪೆಯಲ್ಲೂ ಕಟ್ಟಿದರು. ಕರೆಂಟು ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಬರುತ್ತಲೇ ಇರುತ್ತದೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪು ಏರುವುದಿಲ್ಲ. ಬಳಚಿಗೆ, ಅಂದರೆ ತಿನ್ನುವ ಚಿಪ್ಪಿಗೆ, ಉಪ್ಪು ಬೇಕು. ಆ ಅಳಿವೆಯಲ್ಲಿ ತಿನ್ನುವ ಚಿಪ್ಪು ಹೆಚ್ಚುಕಮ್ಮಿ ಇಲ್ಲವಾಯಿತು, ಮೀನಿನ ಜಾತಿಯೂ ನಮ್ಮ ಹೊಳೆಗಿಂತ ಎಷ್ಟೋ ಕಡಿಮೆ. ನಮ್ಮ ಹೊಳೆಗೆ ಕಟ್ಟೆ ಇಲ್ಲ, ಹಾಗಾಗಿ ಮಳೆಗಾಲದಲ್ಲಿ ಅಳಿವೆ ಚಪ್ಪೆ, ದೀಪಾವಳಿ ಆಸುಪಾಸಿಗೆ ಉಪ್ಪು ಮೆಲ್ಲಗೆ ಏರುತ್ತದೆ, ಬಳಚಿನ ಮರಿ ಮರಳಿಗೆ ಕೂರುತ್ತದೆ. 2000ದ ದಶಕದ ಒಂದು ಅಧ್ಯಯನ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು ತೆಗೆಯುತ್ತಾರೆ ಅಂದಿತ್ತು. ಈಗ ಅಷ್ಟಿಲ್ಲ. ಮರಳು ತೆಗೆದು ತೆಗೆದು ಬಳಚು ಕೂರುವ ಜಾಗವೇ ಹೋಯಿತು. ಅದರ ತಪ್ಪು ನಿಮ್ಮದಲ್ಲ, ನಮ್ಮ ದಂಡೆಯವರದ್ದೇ.

ಬಳಚು ಹೆಕ್ಕುವುದು ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಜೋರು. ಆಗ ಇಳಿತ ದೊಡ್ಡದು, ಮರಳಿನ ದಿಬ್ಬ ಮೇಲೆ ಬರುತ್ತದೆ. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಲ್ಲೇ ತಡಕಾಡುತ್ತಾರೆ. ಹಿಮ್ಮಡಿಗೆ ತಾಗಿದ್ದು ಕಲ್ಲೋ ಚಿಪ್ಪೋ ಅಂತ ನೋಡದೇ ಗೊತ್ತಾಗುತ್ತದೆ. ಗಂಡಸರು ಪಾತಿದೋಣಿ ನಿಲ್ಲಿಸಿ ಮುಳುಗು ಹಾಕುತ್ತಾರೆ. ಹಾಲಕ್ಕಿಗಳು, ಅಂಬಿಗರು, ಹರಿಕಂತ್ರರು, ನಾಮಧಾರಿಗಳು ಎಲ್ಲರೂ ಇಳಿಯುತ್ತಾರೆ. ಮಾರಿದ ದುಡ್ಡು ಹೆಂಗಸರ ಸೆರಗಿನ ಗಂಟಿಗೆ ಹೋಗುತ್ತದೆ. ಬೇರೆ ಯಾವ ಕೆಲಸದ ದುಡ್ಡೂ ನಮ್ಮಲ್ಲಿ ಹಾಗೆ ನೇರ ಅವರ ಕೈಗೆ ಬರುವುದಿಲ್ಲ.

ಕಗ್ಗದ ಭತ್ತಕ್ಕೂ ಹೊತ್ತಿಗೆ ಸರಿಯಾಗಿ ನೀರು ಬರಬೇಕು. ಗಜನಿ ಗದ್ದೆ ಅಂದರೆ ಅಳಿವೆ ಪಕ್ಕದ ಗದ್ದೆ, ಬೇಸಿಗೆಯಲ್ಲಿ ಪೂರ್ತಿ ಉಪ್ಪುನೀರು. ಜೂನ್ ಮಳೆ ಬಿದ್ದು, ಮೇಲಿನಿಂದ ಚಪ್ಪೆ ನೀರು ಇಳಿದು ಗದ್ದೆಯ ಉಪ್ಪು ತೊಳೆದ ಮೇಲೇ ಮೊಳಕೆ ಬರಿಸಿದ ಬೀಜ ಹಾಕುವುದು. ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ತಂದು ಹಾಕಿದ ಗೋಡು ಮಣ್ಣೇ ಗೊಬ್ಬರ. ನಡುವೆ ಉಪ್ಪುನೀರು ತಡೆಯುವ ಬಾಂದಾರ (ಒಡ್ಡು) ಒಡೆದು ನಾಲ್ಕು ದಿನ ಉಪ್ಪುನೀರು ನಿಂತರೂ ಕಗ್ಗ ತಡೆದುಕೊಳ್ಳುತ್ತದೆ, ಬೇರೆ ಭತ್ತವಾದರೆ ಕೊಳೆತು ಹೋಗುತ್ತದೆ. ಕೊಯ್ಲಾದ ಮೇಲೆ ಬಾಂದಾರದ ಬಾಗಿಲು ತೆಗೆಯುತ್ತೇವೆ. ಭರತದ ಜೊತೆ ಸಿಗಡಿ, ಮೀನು ಒಳಗೆ ಬಂದು ಕಗ್ಗದ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಸಾರು. ಈ ಬಾಂದಾರ ರಿಪೇರಿಗೆ ಯಾರೂ ದಿಕ್ಕಿಲ್ಲದೆ ಈಗ ಸುಮಾರು ಗಜನಿ ಬರೀ ಸಿಗಡಿ ಹೊಂಡ ಆಗಿದೆ, ಅದು ಬೇರೆ ಜಗಳ.

ಆಚೆ ದಡದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರ. ಅಲ್ಲಿಗೆ ಬೇಸಿಗೆಯಲ್ಲಿ ಚಪ್ಪೆ ನೀರು ಬಂದರೆ ಕೆಲಸ ಕೆಟ್ಟಿತು. ಮಿಡಿ ಉಪ್ಪಿನಕಾಯಿಗೆ ನೀವು ಹಾಕುವ ಹರಳುಪ್ಪು ಎಲ್ಲಿಯದು ಅಂತ ಮನೆಯಲ್ಲಿ ಕೇಳಿ. ಅಪ್ಪೆಮಿಡಿ ಮರ ನಿಮ್ಮ ಕಡೆ ಹೊಳೆ ದಂಡೆಯಲ್ಲಿ, ಉಪ್ಪು ಅದೇ ಹೊಳೆಯ ಬಾಯಲ್ಲಿ.

2024ರಲ್ಲಿ ಅಳಿವೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ರಾಮ್ಸಾರ್ ಪಟ್ಟ ಬಂತು, ಬೋರ್ಡು ನೋಡಲು ಜನವೂ ಬಂದರು. 2025ರಲ್ಲಿ ಅಘನಾಶಿನಿ ನೀರನ್ನು ವೇದಾವತಿ ನದಿಗೆ ಒಯ್ಯುವ ಜೋಡಣೆ ಸುದ್ದಿ ಎದ್ದಾಗ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಬೇಡ ಅಂದೆವು. ನನಗೆ ಖುಷಿಯೇ. ಆದರೆ ಆ ಸಭೆಯಲ್ಲಿ ನನ್ನ ಪಕ್ಕ ಕೂತು ಜೋರಾಗಿ ಘೋಷಣೆ ಕೂಗಿದ ತೋಟದವರೊಬ್ಬರು, ಊಟದ ಹೊತ್ತಿಗೆ ಬೋರಿನ ರೇಟು ವಿಚಾರಿಸುತ್ತಿದ್ದರು. ಒಂದು ಅಬ್ಬಿಯಿಂದ ವ್ಯತ್ಯಾಸ ಆಗುತ್ತದಾ ಅಂತ ಕೇಳಿದೆಯಲ್ಲ. ನಿನ್ನದೊಂದರಿಂದ ಆಗುವುದಿಲ್ಲ. ನಿನ್ನ ಹಳ್ಳದ ಮೇಲೆ ಎಷ್ಟು ಮನೆ ಇದೆ, ಎಷ್ಟು ಮನೆಯವರು ಈಗಾಗಲೇ ಬೋರ್ ಹೊಡೆಸಿದ್ದಾರೆ ಅಂತ ಒಮ್ಮೆ ಕೇಳಿಕೊಂಡು ಬಾ.

ಕಾನ್ಮನೆ:

ಅಕ್ಕ, ಕೇಳಿಕೊಂಡು ಬಂದೆ. ನಮ್ಮ ಹಳ್ಳಕ್ಕೆ ನೀರು ಬಿಡುವ ಹನ್ನೊಂದು ಮನೆ. ಅದರಲ್ಲಿ ಏಳು ಮನೆಗೆ ಬೋರ್ ಇದೆ. ಅದರಲ್ಲಿ ಎರಡು ಆಗಲೇ ಒಣಗಿವೆ. ಇದನ್ನು ತಮ್ಮನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ "ಅವರ ಪಾಯಿಂಟ್ ಸರಿ ಇರಲಿಲ್ಲ" ಅಂದ.

ಬೆಟ್ಟದ ವಿಷಯ: ದರಕು ಪೂರ್ತಿ ಗುಡಿಸಿ ತರುತ್ತೇವೆ. ಆಳು ಸಿಕ್ಕ ದಿನ ಎಲ್ಲಿ ಹತ್ತಿರವೋ ಅಲ್ಲೇ, ಅಂದರೆ ಅಬ್ಬಿಯ ನೆತ್ತಿಯಲ್ಲೇ. ಎದುರು ಗುಡ್ಡ ಪೂರ್ತಿ ಅಕೇಶಿಯಾ. ಗುದ್ದಲಿಗೆ ಬಿಳಿ ಮಣ್ಣೂ ಸಿಕ್ಕಿತು.

ನೀರು ಅಳೆದೆವು. ಹತ್ತು ಲೀಟರ್ ಬಕೆಟ್ 48 ಸೆಕೆಂಡಿಗೆ ತುಂಬಿತು. ಅಡಿಕೆ ಮರ ಸುಮಾರು 820. ಈಗ ಪೈಪು ಹಿಡಿದು ಬುಡಕ್ಕೆ ಬಿಡುತ್ತೇವೆ. ರಾತ್ರಿ ನೀರೆಲ್ಲ ಹಳ್ಳಕ್ಕೇ ಹೋಗುತ್ತದೆ.

ಶೇಡಿಮಣ್ಣು:

48 ಸೆಕೆಂಡಿಗೆ ಹತ್ತು ಲೀಟರ್ ಅಂದರೆ ನಿಮಿಷಕ್ಕೆ ಹನ್ನೆರಡೂವರೆ. ದಿನಕ್ಕೆ 18,000 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆಗೆ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 16ರಂತೆ 820 ಮರಕ್ಕೆ 13,120. ಮನೆಗೆ, ಕೊಟ್ಟಿಗೆಗೆ ಇನ್ನೂ ಉಳಿಯುತ್ತದೆ. ಅಂದರೆ ಇವತ್ತಿನ ಮಟ್ಟಿಗೆ ನಿಮಗೆ ನೀರು ಕಮ್ಮಿ ಇಲ್ಲ, ತೊಟ್ಟಿ ಕಮ್ಮಿ ಇದೆ. ಪೈಪು ಹಿಡಿದು ಬಿಟ್ಟರೆ ಹತ್ತಿರದ ಮರಕ್ಕೆ ನೂರು ಲೀಟರ್, ದೂರದ್ದಕ್ಕೆ ಸೊನ್ನೆ.

ರಾತ್ರಿ ಹನ್ನೆರಡು ಗಂಟೆಯಲ್ಲಿ ಬರುವುದು 9,000 ಲೀಟರ್. ಹತ್ತು ಸಾವಿರದ ತೊಟ್ಟಿಯೊಂದನ್ನು ತೋಟದ ತಲೆಯಲ್ಲಿ ಕಟ್ಟಿ, ಅಬ್ಬಿಗಿಂತ ಕೆಳಗೆ. ಎತ್ತರ ಇದ್ದೇ ಇದೆಯಲ್ಲ, ಡ್ರಿಪ್ಪಿಗೂ ಪಂಪ್ ಬೇಡ. ಮೊದಲು ಒಂದು ಫಿಲ್ಟರ್ ಹಾಕಿ, ಕೆಂಪುಕಲ್ಲಿನ ನೀರಿನಲ್ಲಿ ಕಬ್ಬಿಣದ ಕೆಸರು ಬಂದು ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಮೇ ತಿಂಗಳಲ್ಲಿ ನೀರು ಇನ್ನೂ ಇಳಿಯುತ್ತದೆ. ಹಾಗಾಗಿ ಪ್ರತಿ ಅಮಾವಾಸ್ಯೆಗೊಮ್ಮೆ ಬಕೆಟ್ ಇಟ್ಟು ಗೋಡೆ ಮೇಲೆ ಬರೆದಿಡಿ. ಅರ್ಧಕ್ಕಿಳಿದರೆ ದಿನ ಬಿಟ್ಟು ದಿನ ಬಿಡಿ, ಬುಡಕ್ಕೆ ಅಡಿಕೆ ಸೋಗೆ ಮುಚ್ಚಿ.

ದರಕನ್ನು ಅಬ್ಬಿಯ ನೆತ್ತಿಯಿಂದ ತರುವುದು ಮಾತ್ರ ಈ ವರ್ಷದಿಂದಲೇ ನಿಲ್ಲಿಸಿ. ಬೆಟ್ಟದ ಬೇರೆ ಕಡೆಯಿಂದ ತನ್ನಿ. ಆ ಜಾಗಕ್ಕೆ ಬೆಂಕಿ ಬೀಳದಂತೆ ನೋಡಿ. ಮಳೆ ಶುರುವಾದಾಗ ಉಪ್ಪಾಗೆ, ಮುರುಗಲು, ನೇರಳೆ ಹಾಕಿ. ಉಪ್ಪಾಗೆ, ಮುರುಗಲಿಗೆ ಪೇಟೆಯಲ್ಲಿ ಬೆಲೆಯೂ ಇದೆ, ತಮ್ಮನಿಗೆ ಅದನ್ನೇ ಮೊದಲು ಹೇಳಿ. ಅಬ್ಬಿ ಮುಂದಿನ ಬೇಸಿಗೆಗೇ ದಪ್ಪಗಾಗುತ್ತದೆ ಅಂತ ಕಾಯಬೇಡಿ, ಅದಕ್ಕೆ ವರ್ಷಗಳು ಬೇಕು.

ಮೆಣಸಿನಬಳ್ಳಿ:

ಹನ್ನೊಂದರಲ್ಲಿ ಏಳು ಬೋರ್ ಆದ ಮೇಲೆ ಉಳಿದ ನಾಲ್ಕು ಮನೆಯವರೇ ಹೊಳೆ ಕಾಯಬೇಕಾ? ಇದೊಂದು ಅನ್ಯಾಯ ನೋಡಿ. ಮೊದಲು ಹೊಡೆಸಿದವರಿಗೆ ನೀರೂ ಸಿಕ್ಕಿತು, ಈಗ ಯಾರೂ ಕೇಳುವುದೂ ಇಲ್ಲ. ತೊಟ್ಟಿ ಲೆಕ್ಕ ಒಪ್ಪುತ್ತೇನೆ, ಬೋರಿಗಿಂತ ಕಮ್ಮಿ ಖರ್ಚು.

ಗಜನಿಗದ್ದೆ:

ಅನ್ಯಾಯವೇ, ಇಲ್ಲ ಅನ್ನುವುದಿಲ್ಲ. ಹಾಗಾದರೆ ಆ ಏಳು ಮನೆಯವರು ಬೋರ್ ಮುಚ್ಚುವುದು ಬೇಡ, ತಮ್ಮ ತಮ್ಮ ಅಬ್ಬಿಯ ನೆತ್ತಿಯ ದರಕು ಬಿಡಲಿ. ಅಷ್ಟು ಕೇಳುವ ಹಕ್ಕು ಈ ನಾಲ್ಕು ಮನೆಗೆ ಇದೆ, ಬೋರ್ ಹೊಡೆಸಿದವರಲ್ಲಿ ನೀವೂ ಒಬ್ಬರು ಅಂತ ನಾನು ಊಹಿಸುತ್ತೇನೆ, ನಿಮ್ಮ 380 ಅಡಿಯ ಬೋರಿನ ಸಮೇತ.

ಕಾನ್ಮನೆ:

ತಮ್ಮ ತೊಟ್ಟಿಗೆ ಒಪ್ಪಿದ. ಬೋರಿನ ಮಾತು ಬಿಟ್ಟಿಲ್ಲ, "ಮುಂದಿನ ವರ್ಷ ನೋಡೋಣ" ಅಂತಿದ್ದಾನೆ. ಅಪ್ಪಯ್ಯ ಮಾತ್ರ ಬಕೆಟ್ ಇಟ್ಟು ಅಳೆಯುವ ಕೆಲಸ ತಮ್ಮದೇ ಅಂತ ವಹಿಸಿಕೊಂಡಿದ್ದಾರೆ.

ಅಕ್ಕ, ಅಮ್ಮನನ್ನು ಕೇಳಿದೆ, ಮಿಡಿಗೆ ಹಾಕುವುದು ಸಾಣಿಕಟ್ಟೆ ಉಪ್ಪೇ ಅಂತೆ. ಈ ಸಲ ನೇರ ಆಗರದಿಂದಲೇ ತರೋಣ ಅಂತಿದ್ದಾಳೆ. ಯಾವಾಗ ಬಂದರೆ ಸರಿ?

ಗಜನಿಗದ್ದೆ:

ಮಳೆ ಹನಿಯುವ ಮೊದಲು ಬನ್ನಿ, ಏಪ್ರಿಲ್ ಒಳ್ಳೆಯದು. ಉಪ್ಪು ಬೆಳ್ಳಗಿಲ್ಲ ಅಂತ ಅಮ್ಮ ಮುಖ ಸಿಂಡರಿಸದಿರಲಿ, ಮಣ್ಣಿನ ಬಣ್ಣ ಅದು, ಮಿಡಿಗೆ ಅದೇ ಸರಿ. ಬರುವಾಗ ಒಂದು ಡಬ್ಬ ಹಳೇ ಮಿಡಿ ತನ್ನಿ. ಕಗ್ಗದ ಗಂಜಿಗೆ ನನಗೆ ಬೇಕು.